ಅವರಿಗೆ ಗುಡಾರ ಹಾಕಲು ನಮ್ಮ ಗುಡ್ಡ ಬೇಕಂತೆ!



ಬೆಂಗಳೂರಿನ ದುಡ್ಡಿನವರಿಗೆ ಹೊಸ ಬಯಕೆ ಹುಟ್ಟಿದೆ. ಶನಿವಾರ ಭಾನುವಾರ ಗುಡಾರ ಹಾಕಿ ಮಲಗಲು, ಬೆಂಕಿ ಹಾಕಿಕೊಂಡು ಚಳಿ ಕಾಯಿಸಲು, ನಕ್ಷತ್ರ ಎಣಿಸಲು ಅವರಿಗೆ ಊರಾಚೆಯ ಜಮೀನು ಬೇಕು. ಕರೆಂಟು ಕಂಬ ಇರಬಾರದು. ಪಕ್ಕದಲ್ಲಿ ಮನೆ ಇರಬಾರದು. ಜನರ ಸದ್ದು ಕೇಳಬಾರದು. ಇದಕ್ಕೆ ಅವರಿಟ್ಟ ಹೆಸರು ‘ಆಫ್‌ಗ್ರಿಡ್’ ಬದುಕು. ಕನಕಪುರದ ಕಡೆ, ಚಿಕ್ಕಬಳ್ಳಾಪುರದ ಕಡೆ, ಸಕಲೇಶಪುರ–ಮೂಡಿಗೆರೆ ಘಟ್ಟದ ಕಡೆ ದಲ್ಲಾಳಿಗಳು ಇಂಥ ಜಾಗ ಹುಡುಕಿಕೊಂಡು ತಿರುಗುತ್ತಿದ್ದಾರೆ.

ದೀಪವಿಲ್ಲದ ಬದುಕು ಅಂದರೇನು ಅಂತ ನಮ್ಮ ಕೇರಿಯ ಅಜ್ಜಿಯರನ್ನು ಕೇಳಿ, ಹೇಳ್ತಾರೆ. ಊರಿಗೆ ಕರೆಂಟು ಬಂದು ಎಷ್ಟೋ ವರ್ಷದ ಮೇಲೆ ಕೇರಿಗೆ ಕಂಬ ಬಂತು. ಬಂದದ್ದೂ ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬು. ಅವನು ಎರಡು ದಿನ ಕತ್ತಲಲ್ಲಿದ್ದರೆ ಅದು ಧ್ಯಾನ. ನಾವು ತಲೆತಲಾಂತರ ಇದ್ದರೆ ಅದು ನಮ್ಮ ಹಣೆಬರಹ!

ಇರಲಿ. ಅವರ ಬಯಕೆ ಅವರಿಗೆ. ನಮ್ಮ ಪ್ರಶ್ನೆ ಒಂದೇ: ಅವರು ‘ಖಾಲಿ’ ಅನ್ನುವ ಆ ಜಮೀನು ಯಾರದು?

ನೀರು ನಿಲ್ಲುವ ಗದ್ದೆ, ಕೆರೆಯ ಕೆಳಗಿನ ತರಿ ಯಾವ ಕಾಲಕ್ಕೂ ನಮ್ಮದಾಗಲಿಲ್ಲ. 1974ರಲ್ಲಿ ‘ಉಳುವವನೇ ಹೊಲದೊಡೆಯ’ ಅಂತ ಕಾನೂನು ಬಂತು. ಗೇಣಿದಾರನಿಗೆ ಭೂಮಿ ಸಿಕ್ಕಿತು. ನಮ್ಮಪ್ಪಂದಿರಲ್ಲಿ ಗೇಣಿದಾರರು ಎಷ್ಟು ಮಂದಿ ಇದ್ದರು? ಕೂಲಿ ಮಾಡಿದವನಿಗೆ, ಜೀತಕ್ಕಿದ್ದವನಿಗೆ ಗೇಣಿಚೀಟಿ ಎಲ್ಲಿಂದ ಬರಬೇಕು? ನಮಗೆ ದರಖಾಸ್ತಿನಲ್ಲಿ ಸಿಕ್ಕಿದ್ದು ಹೆಚ್ಚಾಗಿ ಯಾರಿಗೂ ಬೇಡವಾದ ಕಲ್ಲುಗುಡ್ಡ, ಹಳ್ಳದ ಬದಿ, ಕಾಡಿನಂಚು. ಕಲ್ಲು ಆಯ್ದು, ಮುಳ್ಳು ಕಡಿದು, ಹುರುಳಿ ಎಳ್ಳು ಬಿತ್ತಿ ಅದನ್ನು ಹೊಲ ಮಾಡಿದ್ದು ನಮ್ಮವ್ವಂದಿರು. ಈಗ ಆ ಗುಡ್ಡದ ಮೇಲೆ ನಿಂತರೆ ‘ವ್ಯೂ’ ಚೆನ್ನಾಗಿ ಕಾಣುತ್ತದಂತೆ!

ಈ ಬಾಗಿಲು ತಾನಾಗಿ ತೆರೆಯಲಿಲ್ಲ. ಬೇಸಾಯದಿಂದಲ್ಲದ ವರಮಾನ ಇಷ್ಟಕ್ಕಿಂತ ಹೆಚ್ಚಿರುವವನು ಕೃಷಿ ಜಮೀನು ಕೊಳ್ಳಬಾರದು ಅಂತ ಭೂ ಸುಧಾರಣಾ ಕಾಯ್ದೆಯ 79ಎ ಕಲಂ ಹೇಳುತ್ತಿತ್ತು. 2 ಲಕ್ಷ ಇದ್ದ ಆ ಮಿತಿಯನ್ನು 2015ರಲ್ಲಿ 25 ಲಕ್ಷಕ್ಕೆ ಏರಿಸಿದರು. 2020ರಲ್ಲಿ 79ಎ, 79ಬಿ, 79ಸಿ ಮೂರನ್ನೂ ಕಿತ್ತುಹಾಕಿದರು. ಅಷ್ಟೇ ಅಲ್ಲ, 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲ ಅನ್ನುವಂತೆ ಕಾನೂನು ಬರೆದರು. ಹಿಂದೆ ಕದ್ದುಮುಚ್ಚಿ ಕೊಂಡವನೂ ಒಂದೇ ಏಟಿಗೆ ಸಾಚಾ ಆದ! ಉಳುವವನೇ ಹೊಲದೊಡೆಯ ಅಂದ ಕಾನೂನಿನೊಳಗೇ ದುಡ್ಡಿರುವವನೇ ಹೊಲದೊಡೆಯ ಆಗಿ ಕೂತ.

ನಮಗೆ ಉಳಿದಿರುವ ಬೇಲಿ 1978ರ ಪಿಟಿಸಿಎಲ್ ಕಾಯ್ದೆ. ಸರ್ಕಾರ ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಯಾರೂ ಕೊಳ್ಳುವಂತಿಲ್ಲ. ಕೊಂಡಿದ್ದರೆ ಆ ಕ್ರಯ ಅನೂರ್ಜಿತ. ಉಪವಿಭಾಗಾಧಿಕಾರಿ ಜಮೀನು ಬಿಡಿಸಿ ವಾಪಸು ಕೊಡಬೇಕು. ಭೂಮಾಲೀಕರು ಇದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದರು. 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 2017ರಲ್ಲಿ ಅದೇ ಕೋರ್ಟು, ಅರ್ಜಿ ನ್ಯಾಯವಾದ ಅವಧಿಯೊಳಗೆ ಬರಬೇಕು ಅಂದಿತು. ಓದು ಬಾರದ, ದಾಖಲೆ ಕಾಣದ ಜನ ತಡವಾಗಿ ಬಂದರೆಂದು ಕೇಸುಗಳು ಬಿದ್ದವು. ಹೋರಾಟ ಮಾಡಿದ ಮೇಲೆ 2023ರಲ್ಲಿ ಕಾಲಮಿತಿ ಅಡ್ಡಬರದು ಅಂತ ತಿದ್ದುಪಡಿ ಬಂತು. ಅದಾದ ಮೇಲೂ ವಿಳಂಬದ ನೆಪದಲ್ಲಿ ಹೈಕೋರ್ಟಿನಲ್ಲಿ ನಮ್ಮವರು ಸೋತದ್ದುಂಟು. ಆದ್ದರಿಂದ ಕಾನೂನು ಇದೆ ಅಂತ ಮಲಗಬೇಡಿ.

ದಲ್ಲಾಳಿಗೆ ಇದೆಲ್ಲಾ ಗೊತ್ತು. ಅದಕ್ಕೇ ಅವನು ಕ್ರಯಪತ್ರ ಅನ್ನುವುದಿಲ್ಲ. “ಬರೀ ಅಗ್ರಿಮೆಂಟು ಕಣಪ್ಪ, ಈ ಕಲ್ಲು ಇಟ್ಕಂಡು ಏನ್ ಮಾಡ್ತೀಯ, ಹೆಬ್ಬೆಟ್ಟು ಒತ್ತು” ಅಂತಾನೆ. ನಮ್ಮಪ್ಪನ ವಯಸ್ಸೂ ನೋಡದೆ ಏಕವಚನ! ಇಲ್ಲವಾದರೆ ಇಪ್ಪತ್ತು ಮೂವತ್ತು ವರ್ಷದ ಲೀಸು ಅಂತಾನೆ. ತಿಳಿದುಕೊಳ್ಳಿ: ಈ ಕಾಯ್ದೆಯಲ್ಲಿ ವರ್ಗಾವಣೆ ಅಂದರೆ ಮಾರಾಟ ಮಾತ್ರವಲ್ಲ. ದಾನ, ಅಡಮಾನ, ಲೀಸು, ಕಡೆಗೆ ಮಾರುತ್ತೇನೆ ಅನ್ನುವ ಕರಾರು ಕೂಡ ವರ್ಗಾವಣೆಯೇ. ಮನೆಯೊಳಗಿನ ಪಾಲುಪಟ್ಟಿ, ಉಯಿಲು ಮಾತ್ರ ಇದರಿಂದ ಹೊರಗೆ. ಇನ್ನೊಂದು ಮಾತು: ನಾವೇ ದುಡ್ಡು ಕೊಟ್ಟು ಖಾಸಗಿಯವರಿಂದ ಕೊಂಡ ಜಮೀನಿಗೆ ಈ ರಕ್ಷಣೆ ಇಲ್ಲ. ಅಲ್ಲಿ ನಮ್ಮ ಬುದ್ಧಿಯೇ ಬೇಲಿ.

ಕೊಂಡವನು ಮೊದಲು ಮಾಡುವ ಕೆಲಸ ತಂತಿ ಎಳೆಯುವುದು. ಪ್ರಕೃತಿ ಪ್ರೇಮ ತಂತಿಬೇಲಿಯಿಂದಲೇ ಶುರು! ಹಳ್ಳಕ್ಕೆ ಹೋಗುವ ಕಾಲುದಾರಿ, ಬಂಡಿಜಾಡು, ಹೆಣ ಹೊರುವ ದಾರಿ ಬೇಲಿಯೊಳಗೆ ಸೇರಿಹೋಗುತ್ತವೆ. ಸರ್ವೆ ದಾಖಲೆಯಲ್ಲಿ ‘ಬಿ’ ಖರಾಬು ಅಂತ ಇದ್ದರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಯಾವ ಕ್ರಯಪತ್ರದಿಂದಲೂ ಅದು ಒಬ್ಬನ ಸ್ವತ್ತಾಗದು. ಕೇಳುವವರಿಲ್ಲದಿದ್ದರೆ ಮಾತ್ರ ಆಗುತ್ತದೆ.

ಕೆಲವರು ಕೇಳ್ತಾರೆ: “ನಿಮ್ಮವರೇ ಮಾರ್ತಾರಲ್ಲ, ಅವರಿಗೂ ಕೆಲಸ ಸಿಗುತ್ತಲ್ಲ?” ಏನು ಕೆಲಸ ಸ್ವಾಮಿ? ತನ್ನ ಹೊಲಕ್ಕೆ ತಾನೇ ಕಾವಲುಗಾರ. ತಾನು ಆಯ್ದ ಕಲ್ಲಿನ ಮೇಲೆ ಕೂತವನಿಗೆ ಕಟ್ಟಿಗೆ ಒಡೆದುಕೊಡುವ ಆಳು. ಹಳೆಯ ಒಡೆಯ ಊರಲ್ಲಾದರೂ ಇರುತ್ತಿದ್ದ, ಈ ಒಡೆಯ ವಾರಕ್ಕೊಮ್ಮೆ ಕಾರಿನಲ್ಲಿ ಬರ್ತಾನೆ. ಇನ್ನು ಮಾರುವುದು ಯಾಕೆ? ಆಸ್ಪತ್ರೆ ಸಾಲ, ಮದುವೆ ಸಾಲ, ಎತ್ತಿಲ್ಲ, ನೀರಿಲ್ಲ. ನಮಗೆ ಭೂಮಿ ಕೊಟ್ಟು ನೀರು ಕೊಡದಿದ್ದರೆ ಅದು ಮಾರಿಸುವ ಹುನ್ನಾರವೇ. ಗಂಗಾ ಕಲ್ಯಾಣದ ಕೊಳವೆಬಾವಿ ಮೊದಲು ಈ ಹೊಲಗಳಿಗೆ ಬರಲಿ. ಭೂ ಒಡೆತನ ಯೋಜನೆಯಲ್ಲಿ ಸರ್ಕಾರವೇ ಜಮೀನು ಕೊಂಡು ಭೂಹೀನ ಹೆಂಗಸರ ಹೆಸರಿಗೆ ಮಾಡಲಿ.

ಹಳ್ಳಿಯನ್ನು ಹೊಗಳಿ ಹಾಡುವವರಿಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಖಾರವಾಗಿ ಉತ್ತರ ಕೊಟ್ಟಿದ್ದಾರೆ. ಹಳ್ಳಿಯ ಅಂದ ನೋಡುವವನ ಕಣ್ಣಿಗೆ ಕೇರಿ ಬೀಳುವುದಿಲ್ಲ. ಆಗಲೂ ಬೀಳಲಿಲ್ಲ, ಈಗಲೂ ಬೀಳುತ್ತಿಲ್ಲ.

ಹಾಸ್ಟೆಲ್ ಹುಡುಗರೇ, ಹುಡುಗಿಯರೇ, ಈ ಮಾತು ನಿಮಗೆ. ನಮ್ಮ ನಡುವೆಯೇ ಡಿಗ್ರಿ ಮುಗಿಸಿ ದಲ್ಲಾಳಿಯ ಬೈಕಿನ ಹಿಂದೆ ಕೂತವರಿದ್ದಾರೆ. ಕೇರಿಯವರ ಹೆಬ್ಬೆಟ್ಟಿಗೆ ಸಾಕ್ಷಿ ಸಹಿ ಹಾಕಿ ಕಮಿಷನ್ ತಿಂದವರಿದ್ದಾರೆ. ಅಪ್ಪ ಅವ್ವ ಹೊಟ್ಟೆ ಕಟ್ಟಿ ಓದಿಸಿದ್ದು ಈ ಸಹಿಗೋ?

ರಜೆಗೆ ಊರಿಗೆ ಹೋದಾಗ ಟ್ರಂಕಿನೊಳಗಿನ ಸಾಗುವಳಿ ಚೀಟಿ ಹೊರಗೆ ತೆಗೆಯಿರಿ. ಪಹಣಿ ತೆಗೆಸಿ, ಯಾರ ಹೆಸರಿದೆ, ಯಾವ ಮ್ಯುಟೇಶನ್ನಿನಲ್ಲಿ ಬದಲಾಯಿತು ನೋಡಿ. ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಸ್ಮಶಾನ ಎಲ್ಲಿದೆ ಗುರುತು ಮಾಡಿಕೊಳ್ಳಿ. ಒಂದು ಮನೆಯದಲ್ಲ, ಇಡೀ ಕೇರಿಯದು ಪಟ್ಟಿ ಮಾಡಿ. ಹೋದ ಜಮೀನಿಗೆ ಈ ರಜೆಯಲ್ಲೇ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿಸಿ, ಸ್ವೀಕೃತಿ ಇಸ್ಕೊಳ್ಳಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ.

ಗುಡಾರ ಬಿಚ್ಚಿಕೊಂಡು ಹೋಗುವವನಿಗೆ ಇನ್ನೊಂದು ಗುಡ್ಡ ಸಿಗುತ್ತದೆ. ನಮಗೆ ಇರುವುದು ಇದೊಂದೇ.

ಭೂಮಿ ಮಾರೆವು! ಹೋದದ್ದನ್ನು ಬಿಡೆವು!

ಜೈಭೀಮ್.