ಆನೆ ಇದ್ದರೆ ಸಾಕೆ?

ಕಳೆದ ವರ್ಷ ಹಳೆಯ ವಸ್ತುಗಳ ಪ್ರದರ್ಶನವೊಂದರಲ್ಲಿ ಲೋಹದ ಬ್ಯಾಡ್ಜೊಂದನ್ನು ನೋಡಿದೆ. ‘ಟಿಪ್ಪು ಕಾಲದ ಬ್ರಿಟಿಷ್ ಅಶ್ವದಳದ ಟೋಪಿಯ ಲಾಂಛನ’ ಎಂದು ಪಕ್ಕದ ಚೀಟಿಯಲ್ಲಿ ಬರೆದಿತ್ತು. ನಕ್ಷತ್ರ, ಅದರ ನಡುವೆ ಕಹಳೆ, ಮೇಲೆ ಕಿರೀಟ, ಕೆಳಗೆ ಪುಟ್ಟ ಆನೆ, ಜೊತೆಗೆ ‘ಅಸ್ಸಾಯೆ’ ಎಂಬ ಅಕ್ಷರಗಳು. ಚೀಟಿ ತಪ್ಪಿದೆ ಎಂದೆ. ಅಲ್ಲಿದ್ದವರು ನಕ್ಕು, “ಬ್ರಿಟಿಷರದ್ದು ತಾನೆ ಸಾರ್, ಯಾವ ದಳ ಆದ್ರೇನು?” ಎಂದರು.

ನನ್ನ ತಕರಾರು ಇರುವುದು ಈ ‘ಯಾವುದಾದರೇನು’ ಎಂಬ ಮಾತಿನ ಮೇಲೆಯೇ.

ಬ್ಯಾಡ್ಜನ್ನೇ ಓದಿ ನೋಡೋಣ. ಕಹಳೆ ಲಘು ಪದಾತಿಯ ಗುರುತು. ಇದು 1881ರಲ್ಲಿ ರೂಪುಗೊಂಡ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯದು, ಕುದುರೆಯವರದ್ದಲ್ಲ. ಕಿರೀಟದ ಕಮಾನು ನಡುವೆ ತಗ್ಗದೆ ಗುಮ್ಮಟದಂತೆ ಉಬ್ಬಿದೆ. 1901ರಲ್ಲಿ ಏಳನೇ ಎಡ್ವರ್ಡ್ ಪಟ್ಟಕ್ಕೆ ಬಂದ ನಂತರ ಬ್ಯಾಡ್ಜುಗಳ ಮೇಲೆ ಬಂದ ರೂಪ ಅದು. ಟಿಪ್ಪು ಮಡಿದದ್ದು 1799ರಲ್ಲಿ. ಆನೆ ಸಿಕ್ಕಿದ್ದು 1803ರ ಅಸ್ಸಾಯೆ ಕದನಕ್ಕೆ. ಇಂಥ ಟೋಪಿ ಬ್ಯಾಡ್ಜುಗಳು ಬ್ರಿಟಿಷ್ ಸೈನ್ಯದಲ್ಲಿ ಬಳಕೆಗೆ ಬಂದದ್ದೇ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ.

ಅದಕ್ಕೂ ಮೊದಲು ಸವಾರನನ್ನು ಗುರುತಿಸಲು ಅವನ ಇಡೀ ಶಿರಸ್ತ್ರಾಣವನ್ನೇ ನೋಡಬೇಕು. ಹಸ್ಸಾರನದಾದರೆ ಪಕ್ಕಕ್ಕೆ ಬಟ್ಟೆಯ ಚೀಲ ಇಳಿಬಿದ್ದ ತುಪ್ಪಳದ ಬಸ್ಬಿ. ಲ್ಯಾನ್ಸರನದಾದರೆ ಪೋಲೆಂಡ್ ಮೂಲದ, ತುದಿ ಚೌಕಾಕಾರದ ಟೋಪಿ. ಸ್ಕಾಟ್ಸ್ ಗ್ರೇಸ್ ದಳದವರದು ಕರಡಿ ಚರ್ಮದ ಎತ್ತರದ ಟೋಪಿ. ನಮ್ಮ ನಾಟಕ, ಸಿನಿಮಾಗಳಲ್ಲಿ ಬ್ರಿಟಿಷ್ ಸವಾರ ಎಂದರೆ ಕೆಂಪು ಕೋಟು. ಲಘು ಡ್ರಗೂನರು 1784ರಲ್ಲೇ ಕೆಂಪು ಬಿಟ್ಟು ನೀಲಿಗೆ ಹೋಗಿದ್ದರು.

“ಇದೆಲ್ಲ ಸಾಮ್ರಾಜ್ಯದ ಒಡವೆಗಳ ಮೇಲಿನ ವ್ಯಾಮೋಹ” ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಓದುವುದು ಬೇರೆ, ಮೆಚ್ಚುವುದು ಬೇರೆ. ಹತ್ತೊಂಬತ್ತನೇ ಲಘು ಡ್ರಗೂನ್ ದಳ 1799ರಲ್ಲಿ ಟಿಪ್ಪುವಿನ ವಿರುದ್ಧ ಬಂತು. 1800ರಲ್ಲಿ ಧೋಂಡಿಯಾ ವಾಘನನ್ನು ಕೊಂದ ಕದನದಲ್ಲೂ ಇತ್ತು. 1803ರಲ್ಲಿ ಅಸ್ಸಾಯೆಯಲ್ಲಿ ಮರಾಠರ ಮೇಲೆ ಬಿದ್ದು ಆನೆಯನ್ನು ಗೌರವವಾಗಿ ಪಡೆಯಿತು. ದಳದ ಹೆಸರು ಗೊತ್ತಿದ್ದರೆ ಅದು ಎಲ್ಲೆಲ್ಲಿಗೆ ಹೋಯಿತು, ಯಾರನ್ನು ಕೊಂದಿತು ಎಂದು ಕೇಳಬಹುದು. ‘ಬ್ರಿಟಿಷರು’ ಎಂಬ ಒಂದೇ ಮುಖದ ಗುಂಪಿನಿಂದ ಯಾವ ಲೆಕ್ಕವನ್ನೂ ಕೇಳಲಾಗದು.

ಸಂಗ್ರಾಹಕರ ಮೇಲೂ ನನಗೆ ದೂರಿದೆ. ಹದಿನೇಳನೇ ಲ್ಯಾನ್ಸರ್ಸ್ ದಳದ ತಲೆಬುರುಡೆಯ ಬ್ಯಾಡ್ಜು ಸಿಕ್ಕರೆ ಹಿಂಬದಿಯ ಕೊಕ್ಕೆ, ಲೋಹ, ಬೆಲೆ ನೋಡಿ ಪೆಟ್ಟಿಗೆಗೆ ಸೇರಿಸುತ್ತಾರೆ. ‘ಸಾವು ಇಲ್ಲವೇ ಕೀರ್ತಿ’ ಎಂಬ ಆ ಧ್ಯೇಯದಲ್ಲಿ ಸಾವು ಯಾರ ಪಾಲಿಗೆ ಬಂತು ಎಂಬ ಪ್ರಶ್ನೆ ಪೆಟ್ಟಿಗೆಯ ಹೊರಗೇ ಉಳಿಯುತ್ತದೆ.

ಮತ್ತೆ ಆ ಚೀಟಿಗೆ ಬರುತ್ತೇನೆ. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯಲ್ಲಿ ಮುಂದೆ ವಿಲೀನವಾದ ಎಪ್ಪತ್ತನಾಲ್ಕನೇ ಪದಾತಿ ದಳ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ನಿಜಕ್ಕೂ ಇತ್ತು. ಅಂದರೆ ಆ ಬ್ಯಾಡ್ಜಿಗೂ ನಮ್ಮ ನೆಲಕ್ಕೂ ನಂಟಿದೆ. ‘ಟಿಪ್ಪು ಕಾಲದ್ದು’ ಎಂಬ ಸುಳ್ಳು ಆ ನಿಜವಾದ ನಂಟನ್ನೇ ಮುಚ್ಚಿಹಾಕಿತ್ತು. ಚೀಟಿ ಬದಲಿಸಿ ಎಂದು ನಾನು ಹಟ ಹಿಡಿದದ್ದು ಅದಕ್ಕೇ.