ಒಂದೇ ಬೇಡಿಕೆ, ಹತ್ತು ಪಕ್ಷ

"ಆ ವರ್ಷ ಅದರಗುಂಚ್ಯಾಗ ದಿನಾ ಜಾತ್ರಿ ಇದ್ದಂಗ ಇತ್ತು ನೋಡಪಾ" ಅಂತ ನಮ್ಮಜ್ಜ 1953ರ ಕತೆ ಶುರು ಮಾಡುತ್ತಿದ್ದ. ಆಂಧ್ರಕ್ಕೆ ಹ್ಞೂಂ ಅಂದ ಕಾಂಗ್ರೆಸ್ಸು ಕರ್ನಾಟಕದ ಬಗ್ಗೆ ಸುಮ್ಮನಿತ್ತು. ಅಂದಾನಪ್ಪ ದೊಡ್ಡಮೇಟಿ ಮುಂಬಯಿ ಶಾಸನಸಭೆಗೆ ರಾಜೀನಾಮೆ ಕೊಟ್ಟು ಜಕ್ಕಲಿಯಲ್ಲಿ ಉಪವಾಸ ಕೂತರು. ಆಮೇಲೆ ಅದರಗುಂಚಿ ಶಂಕರಗೌಡರು ಕೂತರು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಸೇರಿದ್ದ ಕೆಪಿಸಿಸಿ ಸಭೆಗೆ ಜನ ನುಗ್ಗಿದರು. ಕಾಂಗ್ರೆಸ್ಸಿನವರು, ಕಾಂಗ್ರೆಸ್ ಬಿಟ್ಟವರು, ಅದನ್ನು ಕಂಡರಾಗದವರು ಎಲ್ಲರದ್ದೂ ಒಂದೇ ಮಾತು: ಒಂದು ಕರ್ನಾಟಕ. 1956ರ ನವೆಂಬರ್ 1ಕ್ಕೆ ಅದು ಸಿಕ್ಕಿತು. ಸಿಕ್ಕ ಮೇಲೆ ಎಲ್ಲರೂ ಅವರವರ ದಾರಿ ಹಿಡಿದರು.

ಈ "ಸಿಕ್ಕ ಮೇಲೆ" ಅನ್ನೋದೇ ನನ್ನ ತಲೆ ತಿನ್ನುತ್ತಿರುವುದು.

ಕೆಟಲೋನಿಯಾದಲ್ಲಿ 2015ರಲ್ಲಿ ಪ್ರತ್ಯೇಕ ದೇಶ ಬೇಕೆನ್ನುವ ಬಲಪಂಥೀಯರೂ ಎಡಪಂಥೀಯರೂ ಒಂದೇ ಪಟ್ಟಿಯಲ್ಲಿ ನಿಂತು 135ರಲ್ಲಿ 62 ಸ್ಥಾನ ಗೆದ್ದರು. ತೆರಿಗೆ, ಆಸ್ಪತ್ರೆ ಬಗ್ಗೆ ಒಬ್ಬರಿಗೊಬ್ಬರು ಒಪ್ಪದವರು! ನಮ್ಮ ಪಕ್ಕದಲ್ಲೇ ಇದಕ್ಕಿಂತ ಹಳೇ ಉದಾಹರಣೆ ಇದೆ. 1956ರ ಸಂಯುಕ್ತ ಮಹಾರಾಷ್ಟ್ರ ಸಮಿತಿಯಲ್ಲಿ ಕಮ್ಯುನಿಸ್ಟರು, ಪ್ರಜಾ ಸಮಾಜವಾದಿಗಳು, ಶೇತಕರಿ ಕಾಮಗಾರ್ ಪಕ್ಷ, ಪರಿಶಿಷ್ಟ ಜಾತಿಗಳ ಒಕ್ಕೂಟ ಎಲ್ಲ ಇದ್ದವು. 1960ರ ಮೇ 1ಕ್ಕೆ ಮಹಾರಾಷ್ಟ್ರ ಹುಟ್ಟಿತು, ಸಮಿತಿ ಒಡೆಯಿತು. ಆದರೆ ಬೆಳಗಾವಿಯಲ್ಲಿ ಉಳಿದ ಏಕೀಕರಣ ಸಮಿತಿಗೆ ಬೇಡಿದ್ದು ಸಿಗಲೇ ಇಲ್ಲ. ಅದಕ್ಕೇ ಬದುಕಿತು ಅಂತ ನನ್ನ ಲೆಕ್ಕ.

ಬೆಳಗಾವಿ ನಮ್ಮದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಮಹಾಜನ್ ಆಯೋಗ 1967ರಲ್ಲಿ ಅದನ್ನೇ ಹೇಳಿದೆ. (ಕಾಸರಗೋಡಿನ ಉತ್ತರ ಭಾಗವೂ ನಮಗೆ ಬರಬೇಕು ಅಂದಿತ್ತು, ಅದನ್ನು ನಾವು ವರ್ಷಕ್ಕೊಮ್ಮೆ ನೆನೆಸಿಕೊಳ್ತೀವಿ ಅಷ್ಟೇ.) ಆದರೂ ಸಮಿತಿಗೆ ಮತ ಹಾಕುತ್ತಿದ್ದವರನ್ನು ದ್ರೋಹಿಗಳು ಅನ್ನೋಕೆ ನನಗೆ ಮನಸ್ಸು ಬರಲ್ಲ. ಮರಾಠಿಯಲ್ಲೊಂದು ಅರ್ಜಿ, ಮರಾಠಿ ಶಾಲೆಗೊಬ್ಬ ಮಾಸ್ತರು ಬೇಕಿದ್ದವನ ಎದುರಿಗೂ ಸಮಿತಿ ಇಟ್ಟಿದ್ದು ಅದೇ ಒಂದು ಗಡಿಯ ಬೇಡಿಕೆ. ಗಡಿ ಬದಲಾಗುವವರೆಗೆ ಗಟಾರದ ಮಾತು ಎತ್ತುವಂತಿಲ್ಲ. 2013ರಲ್ಲಿ ಎರಡು ಸ್ಥಾನ ಗೆದ್ದ ಸಮಿತಿ, ಒಳಜಗಳದ ನಡುವೆ 2018ರಲ್ಲೂ 2023ರಲ್ಲೂ ಒಂದನ್ನೂ ಗೆಲ್ಲಲಿಲ್ಲ. ಮರಾಠಿ ಮತದಾರರಿಗೇ ಬೇಸರ ಬಂದಿರಬೇಕು.

ನಗಬೇಡಿ, ನಮ್ಮ ಕಡೆಗೂ ಇದೇ ರೋಗ ಇದೆ. ಏಕೀಕರಣ ಮಾಡಿದವರು ರಾಜ್ಯ ಒಂದಾಗಬೇಕು ಅನ್ನುವುದರಲ್ಲಿ ಒಂದಾಗಿದ್ದರು. ಒಂದಾದ ರಾಜ್ಯದಲ್ಲಿ ಯಾರಿಗೆ ಎಷ್ಟು ಅನ್ನುವ ಮಾತು ಮುಂದಕ್ಕೆ ಹೋಯಿತು, ಹೋಗುತ್ತಲೇ ಇತ್ತು. 2002ರಲ್ಲಿ ನಂಜುಂಡಪ್ಪ ಸಮಿತಿ ಎಣಿಸಿದಾಗ 114 ತಾಲೂಕು ಹಿಂದುಳಿದವು, ಅದರಲ್ಲಿ 39 ಅತಿ ಹಿಂದುಳಿದವು. ಆ 39ರಲ್ಲಿ 26 ನಮ್ಮ ಉತ್ತರ ಭಾಗದವು. ಸಿಟ್ಟಿಗೆದ್ದು ಈಗ ಕೆಲವರು ಪ್ರತ್ಯೇಕ ಉತ್ತರ ಕರ್ನಾಟಕ ಅಂತಾರೆ. ಮತ್ತೆ ಅದೇ ಒಂದೇ ಬೇಡಿಕೆ!

ನನಗೆ ಅದು ಬೇಡ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಪ್ರತ್ಯೇಕ ರಾಜ್ಯ ಆದರೂ ಗೋವಾ ಅಲ್ಲೇ ಇರುತ್ತದೆ, ಅರಣ್ಯದ ಅನುಮತಿ ಕೊಡಬೇಕಾದ್ದು ದೆಹಲಿಯೇ. ನನಗೆ ಬೇಕಿರುವುದು ಒಂದು ನೀರಸ ಮೈತ್ರಿ: ಧಾರವಾಡ, ಗದಗ, ಬೆಳಗಾವಿಯ ಎಲ್ಲ ಪಕ್ಷದ ಶಾಸಕರು, ಬೆಳಗಾವಿಯ ಮರಾಠಿಗರೂ ಸೇರಿ, ಸುವರ್ಣಸೌಧದ ಅಧಿವೇಶನದಲ್ಲಿ ಬರೀ ನೀರು, ಶಾಲೆ ಅಂತ ಕೂರುವಂಥದ್ದು.

ಇದನ್ನ ಮೊನ್ನೆ ಅವ್ವನ ಮುಂದೆ ಹೇಳಿದೆ. "ನಾಳೆ ನಳಾ ಬರ್ತೈತಿ, ಭಾಷಣಾ ಬಿಟ್ಟು ಮೊದಲ ಟಾಕಿ ತೊಳಿ" ಅಂದಳು :)

ತೊಳೆದು ಬಂದೇ ಇದನ್ನು ಬರೆದದ್ದು. ಬೈಯುವವರು ಬೈಯಬಹುದು, ಬೆಳಗಾವಿ ಗೆಳೆಯರು ಮೊದಲು.