ಆಮದಾಗುವ ಗೃಹೋಪಯೋಗಿ ಉಪಕರಣಗಳ ಮೂಲ ದೇಶ ನಿರ್ಧಾರ: ಒಂದು ವಿಶ್ಲೇಷಣೆ

(ಆಮದುದಾರರು, ಸಣ್ಣ ವರ್ತಕರು ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ)

1. ಪೀಠಿಕೆ

ರೆಫ್ರಿಜರೇಟರ್ ಒಂದರ ಕಂಪ್ರೆಸರ್ ಒಂದು ದೇಶದಲ್ಲಿ, ತಾಮ್ರದ ಕೊಳವೆಗಳು ಮತ್ತೊಂದು ದೇಶದಲ್ಲಿ, ನಿಯಂತ್ರಣ ಫಲಕ ಮೂರನೆಯ ದೇಶದಲ್ಲಿ ತಯಾರಾಗಿ, ನಾಲ್ಕನೆಯ ದೇಶದ ಕಾರ್ಖಾನೆಯಲ್ಲಿ ಜೋಡಣೆಗೊಂಡು ಭಾರತದ ಬಂದರನ್ನು ತಲುಪುವುದು ಇಂದು ಸಾಮಾನ್ಯ ಸಂಗತಿಯಾಗಿದೆ. ಇಂತಹ ಉಪಕರಣವು ಯಾವ ದೇಶದ್ದು ಎಂಬ ಪ್ರಶ್ನೆಗೆ ಪೆಟ್ಟಿಗೆಯ ಮೇಲಿನ ಮುದ್ರೆಯಾಗಲಿ, ಸರಕು ಹೊರಟ ಬಂದರಾಗಲಿ, ಬ್ರ್ಯಾಂಡಿನ ಹೆಸರಾಗಲಿ ಅಂತಿಮ ಉತ್ತರವಲ್ಲ. ಉತ್ತರವನ್ನು ಕಾನೂನು ನಿಗದಿಪಡಿಸಿದೆ. ಆ ಉತ್ತರದ ಮೇಲೆ ಪಾವತಿಸಬೇಕಾದ ಸುಂಕವೂ, ಕೆಲವೊಮ್ಮೆ ವರ್ತಕರ ವ್ಯವಹಾರದ ಉಳಿವೂ ಅವಲಂಬಿತವಾಗಿರುತ್ತದೆ. ಈ ವಿಷಯದಲ್ಲಿ 2020ರ ನಂತರ ಆಗಿರುವ ಬದಲಾವಣೆಗಳನ್ನು ಇಲ್ಲಿ ವಿವರಿಸಲಾಗಿದೆ.

2. ಮೂಲ ದೇಶವನ್ನು ನಿರ್ಧರಿಸುವುದು ಏಕೆ?

ಮೂಲ ದೇಶದ ನಿಯಮಗಳಲ್ಲಿ ಎರಡು ಬಗೆಗಳಿವೆ.

(ಅ) ರಿಯಾಯಿತಿಗೆ ಸಂಬಂಧಿಸಿದ ನಿಯಮಗಳು: ಭಾರತವು ವ್ಯಾಪಾರ ಒಪ್ಪಂದ ಮಾಡಿಕೊಂಡಿರುವ ದೇಶಗಳಿಂದ ಬರುವ ಸರಕಿಗೆ ಕಡಿಮೆ ದರದ ಸುಂಕ ಅನ್ವಯಿಸಬೇಕಾದರೆ, ಸದರಿ ಸರಕು ಆ ದೇಶದ ಮೂಲದ್ದೆಂದು ಸಾಬೀತಾಗಬೇಕು. ಆಸಿಯಾನ್ ದೇಶಗಳು ಹಾಗೂ ದಕ್ಷಿಣ ಕೊರಿಯಾದೊಂದಿಗಿನ ಒಪ್ಪಂದಗಳು 2010ರ ಜನವರಿ 1ರಿಂದ, ಜಪಾನಿನೊಂದಿಗಿನ ಒಪ್ಪಂದ 2011ರ ಆಗಸ್ಟ್ 1ರಿಂದ, ಸಂಯುಕ್ತ ಅರಬ್ ಎಮಿರೇಟ್ಸ್‌ನೊಂದಿಗಿನ ಒಪ್ಪಂದ 2022ರ ಮೇ 1ರಿಂದ ಜಾರಿಗೆ ಬಂದಿವೆ.

(ಆ) ರಿಯಾಯಿತಿಗೆ ಸಂಬಂಧಿಸದ ನಿಯಮಗಳು: ನಿರ್ದಿಷ್ಟ ದೇಶದ ಸರಕಿನ ಮೇಲೆ ಸುರಿವಿಕೆ ವಿರೋಧಿ ಸುಂಕ ವಿಧಿಸುವಾಗ, ವ್ಯಾಪಾರದ ಅಂಕಿಅಂಶ ಸಂಗ್ರಹಿಸುವಾಗ ಹಾಗೂ ಗ್ರಾಹಕರಿಗೆ ಮಾಹಿತಿ ನೀಡುವಾಗ ಮೂಲ ದೇಶದ ಪ್ರಶ್ನೆ ಉದ್ಭವಿಸುತ್ತದೆ. ಈ ನಿಯಮಗಳನ್ನು ಜಗತ್ತಿಗೆಲ್ಲ ಏಕರೂಪಗೊಳಿಸುವ ಕಾರ್ಯವನ್ನು ವಿಶ್ವ ವಾಣಿಜ್ಯ ಸಂಸ್ಥೆಯ ಅಡಿಯಲ್ಲಿ 1995ರಲ್ಲಿ ಕೈಗೆತ್ತಿಕೊಂಡು ಮೂರು ವರ್ಷಗಳಲ್ಲಿ ಮುಗಿಸಲು ಉದ್ದೇಶಿಸಲಾಗಿತ್ತಾದರೂ ಅದು ಆ ಅವಧಿಯಲ್ಲಿ ಪೂರ್ಣಗೊಳ್ಳಲಿಲ್ಲ.

3. ಹಿನ್ನೆಲೆ

2018ರ ಸೆಪ್ಟೆಂಬರ್ 27ರಿಂದ ಹವಾನಿಯಂತ್ರಕಗಳು, ಗೃಹಬಳಕೆಯ ರೆಫ್ರಿಜರೇಟರುಗಳು ಹಾಗೂ 10 ಕಿಲೋಗ್ರಾಂಗಿಂತ ಕಡಿಮೆ ಸಾಮರ್ಥ್ಯದ ವಾಷಿಂಗ್ ಮೆಷಿನ್‌ಗಳ ಮೇಲಿನ ಸೀಮಾ ಸುಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಲಾಯಿತು. ಸಾಮಾನ್ಯ ದರ ಹೆಚ್ಚಾದಂತೆ, ಸಾಮಾನ್ಯ ದರಕ್ಕೂ ಒಪ್ಪಂದದ ದರಕ್ಕೂ ನಡುವಿನ ಅಂತರ ಹಿಗ್ಗುತ್ತದೆ. ಅಂತರ ಹಿಗ್ಗಿದಂತೆ, ಒಪ್ಪಂದದ ಹೊರಗಿನ ದೇಶದ ಸರಕನ್ನು ಒಪ್ಪಂದದ ದೇಶದ ಮೂಲಕ ಹಾಯಿಸಿ ತರುವ ಪ್ರಲೋಭನೆಯೂ ಹೆಚ್ಚುತ್ತದೆ.

ಇದು ಭಾರತಕ್ಕೆ ಮಾತ್ರ ಸೀಮಿತವಾದ ಅನುಭವವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನವು 2013ರಲ್ಲಿ ಕೊರಿಯಾ ಮತ್ತು ಮೆಕ್ಸಿಕೊ ಮೂಲದ ದೊಡ್ಡ ವಾಷಿಂಗ್ ಮೆಷಿನ್‌ಗಳ ಮೇಲೆ ಸುರಿವಿಕೆ ವಿರೋಧಿ ಸುಂಕ ವಿಧಿಸಿದಾಗ ಅವುಗಳ ತಯಾರಿಕೆ ಚೀನಾಕ್ಕೆ ಸ್ಥಳಾಂತರಗೊಂಡಿತು. 2017ರಲ್ಲಿ ಚೀನಾದ ಮೇಲೂ ಸುಂಕ ಬಿದ್ದಾಗ ತಯಾರಿಕೆ ಥಾಯ್ಲೆಂಡ್ ಮತ್ತು ವಿಯೆಟ್ನಾಂಗಳತ್ತ ಸಾಗಿತು. ಕೊನೆಗೆ 2018ರ ಫೆಬ್ರವರಿ 7ರಿಂದ, ಒಂದೆರಡು ದೇಶಗಳಿಗಷ್ಟೇ ಸೀಮಿತವಲ್ಲದ ಸಂರಕ್ಷಣಾ ಸುಂಕವನ್ನು ಜಾರಿಗೊಳಿಸಲಾಯಿತು. ಅದು 2023ರ ಫೆಬ್ರವರಿಯವರೆಗೆ ಇತ್ತು. ಇಲ್ಲಿ ಕಾರ್ಖಾನೆಗಳೇ ನಿಜವಾಗಿ ಸ್ಥಳಾಂತರಗೊಂಡವೆಂಬುದನ್ನು ಗಮನಿಸಬೇಕು. ಹೊಸ ದೇಶದಲ್ಲಿ ನಿಜವಾದ ತಯಾರಿಕೆ ನಡೆಯುವುದು ಬೇರೆ; ಹೆಸರಿಗಷ್ಟೇ ಜೋಡಣೆ ನಡೆಯುವುದು ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ಮೂಲ ದೇಶದ ನಿಯಮಗಳ ಉದ್ದೇಶ.

2020ರ ಫೆಬ್ರವರಿ 1ರ ಆಯವ್ಯಯ ಭಾಷಣದಲ್ಲಿ ಕೇಂದ್ರ ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರು, ವ್ಯಾಪಾರ ಒಪ್ಪಂದಗಳ ಪ್ರಯೋಜನವನ್ನು ಅನುಚಿತವಾಗಿ ಪಡೆಯುವುದರಿಂದ ದೇಶೀಯ ಉದ್ಯಮಕ್ಕೆ ಅಪಾಯವಿದೆ ಎಂಬುದನ್ನು ಪ್ರಸ್ತಾಪಿಸಿದ್ದರು. ಅದರಂತೆ 1962ರ ಸೀಮಾ ಸುಂಕ ಅಧಿನಿಯಮಕ್ಕೆ 28ಡಿಎ ಪ್ರಕರಣವನ್ನು ಸೇರಿಸಲಾಯಿತು. ಅದಕ್ಕೆ ಪೂರಕವಾಗಿ, ಸಂಕ್ಷಿಪ್ತವಾಗಿ ‘ಕರೋಟಾರ್’ ಎಂದು ಕರೆಯಲಾಗುವ ನಿಯಮಗಳು 2020ರ ಆಗಸ್ಟ್ 21ರಂದು ಪ್ರಕಟಗೊಂಡು ಸೆಪ್ಟೆಂಬರ್ 21ರಿಂದ ಜಾರಿಗೆ ಬಂದವು.

4. ನಿರ್ಧಾರದ ಮಾನದಂಡಗಳು

ಪ್ರತಿಯೊಂದು ಒಪ್ಪಂದಕ್ಕೂ ಪ್ರತ್ಯೇಕ ನಿಯಮಗಳಿವೆ. ಉದಾಹರಣೆಗೆ ಆಸಿಯಾನ್ ಒಪ್ಪಂದವನ್ನು ತೆಗೆದುಕೊಂಡರೆ, ಪೂರ್ಣವಾಗಿ ಆ ದೇಶಗಳಲ್ಲೇ ಉತ್ಪತ್ತಿಯಾಗದ ಸರಕಿಗೆ ಸಾಮಾನ್ಯವಾಗಿ ಈ ಕೆಳಕಂಡ ಷರತ್ತುಗಳು ಒಟ್ಟಾಗಿ ಅನ್ವಯಿಸುತ್ತವೆ:

(ಅ) ಎಫ್‌ಒಬಿ ಮೌಲ್ಯದಲ್ಲಿ, ಅಂದರೆ ಹಡಗಿಗೇರಿಸುವವರೆಗಿನ ಮೌಲ್ಯದಲ್ಲಿ, ಒಪ್ಪಂದದ ದೇಶಗಳ ಪಾಲು ಶೇಕಡಾ 35ಕ್ಕಿಂತ ಕಡಿಮೆ ಇರಕೂಡದು.

(ಆ) ಹೊರಗಿನಿಂದ ತಂದ ಬಿಡಿಭಾಗಗಳ ಹಾಗೂ ಸಿದ್ಧ ಸರಕಿನ ಆರು ಅಂಕಿಗಳ ಸುಂಕ ಉಪಶೀರ್ಷಿಕೆ ಬೇರೆಬೇರೆಯಾಗಿರತಕ್ಕದ್ದು.

(ಇ) ತಯಾರಿಕೆಯ ಅಂತಿಮ ಹಂತವು ರಫ್ತು ಮಾಡುವ ದೇಶದಲ್ಲೇ ನಡೆದಿರತಕ್ಕದ್ದು. ಸರಳ ಜೋಡಣೆ, ಪೊಟ್ಟಣ ಕಟ್ಟುವಿಕೆ, ಚೀಟಿ ಅಂಟಿಸುವಿಕೆ ಮುಂತಾದ ಅಲ್ಪ ಕಾರ್ಯಗಳಿಂದ ಮೂಲತ್ವ ಪ್ರಾಪ್ತವಾಗುವುದಿಲ್ಲ.

(ಈ) ಸರಕನ್ನು ನೇರವಾಗಿ ಸಾಗಿಸಿರತಕ್ಕದ್ದು. ಕೊಲಂಬೊದಂತಹ ಒಪ್ಪಂದದ ಹೊರಗಿನ ಬಂದರಿನಲ್ಲಿ ಹಡಗು ಬದಲಾಯಿಸಿದ್ದರೆ, ಅದು ಸಾಗಣೆಯ ಅಗತ್ಯಕ್ಕಾಗಿಯೇ ಆಗಿದ್ದು, ಅಲ್ಲಿ ಸರಕು ಮಾರಾಟಕ್ಕಾಗಲಿ ಬಳಕೆಗಾಗಲಿ ಒಳಗಾಗಿಲ್ಲವೆಂದು ದಾಖಲೆಗಳಿಂದ ತಿಳಿಯುವಂತಿರಬೇಕು.

5. ನಿದರ್ಶನ

ವಿಯೆಟ್ನಾಂನಲ್ಲಿ ಜೋಡಿಸಿದ ರೆಫ್ರಿಜರೇಟರ್ ಒಂದರ ಎಫ್‌ಒಬಿ ಮೌಲ್ಯ ರೂ. 20,000 ಎಂದು ಭಾವಿಸೋಣ.

ಮೊದಲ ಸಂದರ್ಭ: ಚೀನಾದಿಂದ ತಂದ ಕಂಪ್ರೆಸರ್ ಹಾಗೂ ಇತರ ಬಿಡಿಭಾಗಗಳ ಮೌಲ್ಯ ರೂ. 11,000. ಹೊರಗಿನ ಪಾಲು ಶೇಕಡಾ 55, ಒಪ್ಪಂದದ ದೇಶದ ಪಾಲು ಶೇಕಡಾ 45. ಕಂಪ್ರೆಸರ್ 8414ನೇ ಶೀರ್ಷಿಕೆಗೂ ಸಿದ್ಧ ರೆಫ್ರಿಜರೇಟರ್ 8418ನೇ ಶೀರ್ಷಿಕೆಗೂ ಸೇರುತ್ತವೆ. ಇತರ ಭಾಗಗಳ ಉಪಶೀರ್ಷಿಕೆಯೂ ಹೀಗೆಯೇ ಬದಲಾಗಿದ್ದರೆ ಮೊದಲ ಎರಡು ಷರತ್ತುಗಳು ಪೂರೈಸಿದಂತಾಗುತ್ತದೆ.

ಎರಡನೆಯ ಸಂದರ್ಭ: ಹೊರಗಿನ ಬಿಡಿಭಾಗಗಳ ಮೌಲ್ಯ ರೂ. 14,000. ಒಪ್ಪಂದದ ದೇಶದ ಪಾಲು ಶೇಕಡಾ 30 ಮಾತ್ರ. ಆದ್ದರಿಂದ ಸರಕು ಅರ್ಹವಲ್ಲ.

ಮೂರನೆಯ ಸಂದರ್ಭ: ಮೌಲ್ಯದ ಲೆಕ್ಕ ಸರಿಯಾಗಿದೆ, ಆದರೆ ಚೀನಾದಿಂದ ಇಡೀ ರೆಫ್ರಿಜರೇಟರ್ ಬಿಚ್ಚಿದ ಸ್ಥಿತಿಯಲ್ಲಿ ಒಂದೇ ಕಂತಾಗಿ ಬಂದಿದೆ. ಸುಂಕ ಪಟ್ಟಿಯ ವ್ಯಾಖ್ಯಾನದ 2(ಎ) ನಿಯಮದಂತೆ, ಬಿಚ್ಚಿದ ಸ್ಥಿತಿಯಲ್ಲಿರುವ ಪೂರ್ಣ ಸರಕನ್ನು ಸಿದ್ಧ ಸರಕೆಂದೇ ವರ್ಗೀಕರಿಸಲಾಗುತ್ತದೆ. ಆದುದರಿಂದ ಉಪಶೀರ್ಷಿಕೆ ಬದಲಾಗಿಲ್ಲ, ಸರಕು ಅರ್ಹವಲ್ಲ.

ಇದರ ಆರ್ಥಿಕ ಪರಿಣಾಮವನ್ನು ನೋಡೋಣ. ವಿಮೆ ಹಾಗೂ ಸಾಗಣೆ ವೆಚ್ಚ ಸೇರಿ ಸುಂಕ ಲೆಕ್ಕಕ್ಕೆ ಪರಿಗಣಿಸುವ ಮೌಲ್ಯ ರೂ. 22,000, ಸಾಮಾನ್ಯ ದರ ಶೇಕಡಾ 20 ಮತ್ತು ರಿಯಾಯಿತಿ ದರ ಶೂನ್ಯವೆಂದು ಇಟ್ಟುಕೊಂಡರೆ, ಒಂದು ಉಪಕರಣಕ್ಕೆ ರೂ. 4,400ರಂತೆ 500 ಉಪಕರಣಗಳಿಗೆ ರೂ. 22,00,000 ವ್ಯತ್ಯಾಸವಾಗುತ್ತದೆ. ಸೀಮಾ ಸುಂಕದ ಮೇಲೆ ಇತರ ತೆರಿಗೆಗಳ ಲೆಕ್ಕವೂ ನಡೆಯುವುದರಿಂದ ವ್ಯತ್ಯಾಸ ಇನ್ನೂ ಹೆಚ್ಚಾಗುತ್ತದೆ. ಸರಕು ಮಾರಾಟವಾದ ನಂತರ ಈ ಮೊತ್ತದ ಬೇಡಿಕೆ ಬಂದಲ್ಲಿ ಅದನ್ನು ಗ್ರಾಹಕರಿಂದ ವಸೂಲು ಮಾಡಲು ವರ್ತಕರಿಗೆ ಸಾಧ್ಯವಾಗದು.

6. ಆಮದುದಾರರ ಹೊಣೆ

2020ಕ್ಕೆ ಮೊದಲು ವಿದೇಶಿ ಪ್ರಾಧಿಕಾರವು ನೀಡಿದ ಪ್ರಮಾಣಪತ್ರವನ್ನು ಹಾಜರುಪಡಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ವರ್ತಕರಲ್ಲಿ ವ್ಯಾಪಕವಾಗಿತ್ತು. ಪ್ರಮಾಣಪತ್ರ ಹಾಜರುಪಡಿಸಿದ ಮಾತ್ರಕ್ಕೆ ಆಮದುದಾರರು ಹೊಣೆಯಿಂದ ಮುಕ್ತರಾಗುವುದಿಲ್ಲವೆಂದು 28ಡಿಎ ಪ್ರಕರಣವು ಸ್ಪಷ್ಟಪಡಿಸಿದೆ. 2025ರಲ್ಲಿ ‘ಮೂಲ ದೇಶ ಪ್ರಮಾಣಪತ್ರ’ ಎಂಬ ಪದದ ಬದಲಿಗೆ ‘ಮೂಲ ದೇಶದ ಪುರಾವೆ’ ಎಂಬ ವಿಶಾಲ ಅರ್ಥದ ಪದವನ್ನು ಅಳವಡಿಸಲಾಗಿದೆ. ಆಮದುದಾರರು ಪಾಲಿಸಬೇಕಾದ ಅಂಶಗಳು ಹೀಗಿವೆ:

• ಬಿಲ್ ಆಫ್ ಎಂಟ್ರಿಯಲ್ಲಿ ರಿಯಾಯಿತಿಯ ಕೋರಿಕೆ, ಅಧಿಸೂಚನೆಯ ವಿವರ, ಪುರಾವೆಯ ಸಂಖ್ಯೆ, ದಿನಾಂಕ ಹಾಗೂ ಮೂಲತ್ವದ ಮಾನದಂಡವನ್ನು ನಮೂದಿಸತಕ್ಕದ್ದು.
• ನಮೂನೆ 1ರಲ್ಲಿ ಕೇಳಿರುವ ತಯಾರಿಕೆಯ ವಿಧಾನ, ಬಿಡಿಭಾಗಗಳ ಮೂಲ ಹಾಗೂ ಮೌಲ್ಯದ ಮಾಹಿತಿಯನ್ನು ಹೊಂದಿರತಕ್ಕದ್ದು.
• ಸದರಿ ದಾಖಲೆಗಳನ್ನು ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದಿಂದ ಕನಿಷ್ಠ 5 ವರ್ಷಗಳವರೆಗೆ ಕಾಪಾಡತಕ್ಕದ್ದು.
• ಅಧಿಕಾರಿಗಳು ಮಾಹಿತಿ ಕೋರಿದಲ್ಲಿ 10 ಕೆಲಸದ ದಿನಗಳೊಳಗೆ ಒದಗಿಸತಕ್ಕದ್ದು.

ಸರಕಿನ ವಿವರಣೆ ಅಪೂರ್ಣವಾಗಿದ್ದರೆ, ದೃಢೀಕರಣವಿಲ್ಲದ ತಿದ್ದುಪಡಿಯಿದ್ದರೆ, ಅವಧಿ ಮೀರಿದ್ದರೆ ಅಥವಾ ಸದರಿ ಸರಕು ರಿಯಾಯಿತಿಗೆ ಒಳಪಡದಿದ್ದರೆ ಹೆಚ್ಚಿನ ಪರಿಶೀಲನೆಯಿಲ್ಲದೆಯೇ ಕೋರಿಕೆಯನ್ನು ತಿರಸ್ಕರಿಸಬಹುದಾಗಿದೆ. ಮೂಲತ್ವದ ಬಗ್ಗೆ ಸಂದೇಹವಿದ್ದಲ್ಲಿ ರಫ್ತು ದೇಶದ ಪ್ರಾಧಿಕಾರದ ಮೂಲಕ ಪರಿಶೀಲನೆ ನಡೆಸಲಾಗುವುದು. ಆ ಅವಧಿಯಲ್ಲಿ ಸುಂಕದ ವ್ಯತ್ಯಾಸದ ಮೊತ್ತಕ್ಕೆ ಭದ್ರತೆ ಒದಗಿಸಿ ಸರಕನ್ನು ಬಿಡಿಸಿಕೊಳ್ಳಲು ಅವಕಾಶವಿದೆ. ಒಬ್ಬ ತಯಾರಕರ ಸರಕು ಅನರ್ಹವೆಂದು ತೀರ್ಮಾನವಾದಲ್ಲಿ, ಅದೇ ತಯಾರಕರ ತದ್ರೂಪಿ ಸರಕಿನ ಇತರ ಕೋರಿಕೆಗಳಿಗೂ ಅದು ಅನ್ವಯಿಸಬಹುದು.

7. ಸಣ್ಣ ವರ್ತಕರ ಸಮಸ್ಯೆ

ಈ ವ್ಯವಸ್ಥೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ. ದೊಡ್ಡ ಕಂಪನಿಯು ತನ್ನದೇ ಸಹೋದರ ಸಂಸ್ಥೆಯಿಂದ ಸರಕು ತರಿಸುವಾಗ ವೆಚ್ಚದ ವಿವರಗಳು ಸುಲಭವಾಗಿ ದೊರೆಯುತ್ತವೆ. ವರ್ಷಕ್ಕೆ ಎರಡು ಮೂರು ಕಂಟೇನರ್ ತರಿಸುವ ವರ್ತಕರಿಗೆ ವಿದೇಶಿ ತಯಾರಕರು ತಮ್ಮ ವೆಚ್ಚದ ಲೆಕ್ಕವನ್ನು ವ್ಯಾಪಾರದ ಗುಟ್ಟೆಂದು ನಿರಾಕರಿಸುವ ಸಂಭವವಿರುತ್ತದೆ. ಮಾಹಿತಿ ನಿರಾಕರಿಸಲ್ಪಟ್ಟರೂ ಹೊಣೆ ಆಮದುದಾರರದ್ದೇ ಆಗಿರುತ್ತದೆ. ಆದ್ದರಿಂದ ಖರೀದಿಯ ಕರಾರಿನಲ್ಲಿಯೇ ಮಾಹಿತಿ ಒದಗಿಸುವ ಹಾಗೂ ರಿಯಾಯಿತಿ ನಿರಾಕರಣೆಯಾದಲ್ಲಿ ನಷ್ಟ ಭರಿಸುವ ಷರತ್ತನ್ನು ಸೇರಿಸಿಕೊಳ್ಳುವುದು ಸೂಕ್ತ. ಮಾಹಿತಿ ದೊರೆಯದಿದ್ದಲ್ಲಿ ಸಾಮಾನ್ಯ ದರದ ಸುಂಕವನ್ನೇ ಲೆಕ್ಕ ಹಾಕಿ ಮಾರಾಟದ ಬೆಲೆ ನಿಗದಿಪಡಿಸುವುದು ಕ್ಷೇಮಕರ.

8. ಮುಂಗಡ ತೀರ್ಪಿನ ಸೌಲಭ್ಯ

ಸರಕು ತರಿಸುವ ಮೊದಲೇ ಮೂಲ ದೇಶದ ಪ್ರಶ್ನೆಯನ್ನು ಇತ್ಯರ್ಥಪಡಿಸಿಕೊಳ್ಳಲು ಅಧಿನಿಯಮದ 28ಎಚ್ ಪ್ರಕರಣದಡಿ ಮುಂಗಡ ತೀರ್ಪಿಗೆ ಅರ್ಜಿ ಸಲ್ಲಿಸಬಹುದಾಗಿದೆ. ಸೀಮಾ ಸುಂಕ ಮುಂಗಡ ತೀರ್ಪು ಪ್ರಾಧಿಕಾರಗಳು ನವದೆಹಲಿ ಮತ್ತು ಮುಂಬಯಿಗಳಲ್ಲಿವೆ. ಅರ್ಜಿ ಸ್ವೀಕೃತವಾದ ಮೂರು ತಿಂಗಳೊಳಗೆ ತೀರ್ಪು ನೀಡಲು ಕಾನೂನಿನಲ್ಲಿ ಅವಕಾಶ ಕಲ್ಪಿಸಲಾಗಿದೆ. ಸುಂಕ ನಿರ್ಧಾರದ ಆದೇಶದಿಂದ ಬಾಧಿತರಾದವರು 60 ದಿನಗಳೊಳಗೆ ಆಯುಕ್ತರಿಗೆ (ಮೇಲ್ಮನವಿ) ಮೇಲ್ಮನವಿ ಸಲ್ಲಿಸಬಹುದು.

9. ವಿಶೇಷ ಸೂಚನೆಗಳು

• ಮೂಲ ದೇಶದ ಪುರಾವೆಯು ಆಮದು ನೀತಿಯ ನಿರ್ಬಂಧಗಳನ್ನು ಸಡಿಲಿಸುವುದಿಲ್ಲ. 2020ರ ಜುಲೈ 30ರಂದು ಬಣ್ಣದ ಟೆಲಿವಿಷನ್‌ಗಳನ್ನು ನಿರ್ಬಂಧಿತ ವರ್ಗಕ್ಕೂ, ಅಕ್ಟೋಬರ್ 15ರಂದು ಶೀತಕ ಅನಿಲ ತುಂಬಿದ ಹವಾನಿಯಂತ್ರಕಗಳನ್ನು ನಿಷೇಧಿತ ವರ್ಗಕ್ಕೂ ಸೇರಿಸಲಾಗಿತ್ತು. ಸರಕು ತರಿಸುವ ದಿನದಂದು ಇರುವ ನೀತಿ ಹಾಗೂ ಸುಂಕದ ದರವನ್ನು ಪರಿಶೀಲಿಸಿಕೊಳ್ಳತಕ್ಕದ್ದು.
• ಆಮದು ಮಾಡಿದ ಪೊಟ್ಟಣಗಳ ಮೇಲೆ ಮೂಲ ದೇಶವನ್ನು ನಮೂದಿಸುವುದು ಕಾನೂನು ಮಾಪನಶಾಸ್ತ್ರ ನಿಯಮಗಳಂತೆ ಕಡ್ಡಾಯ. 2020ರ ಇ-ವಾಣಿಜ್ಯ ನಿಯಮಗಳು ಅಂತರ್ಜಾಲ ಮಾರಾಟದಲ್ಲೂ ಈ ಮಾಹಿತಿಯನ್ನು ಕೋರುತ್ತವೆ. ಆದರೆ ಆ ನಮೂದು ಸುಂಕದ ರಿಯಾಯಿತಿಗೆ ಪುರಾವೆಯಾಗುವುದಿಲ್ಲ.

10. ಉಪಸಂಹಾರ

ಆಸಿಯಾನ್ ಸರಕು ಒಪ್ಪಂದವನ್ನು ಮರುಪರಿಶೀಲಿಸಲು ಉಭಯ ಪಕ್ಷಗಳು 2023ರಲ್ಲಿ ಸಮ್ಮತಿಸಿವೆ. ನಿಯಮಗಳ ವಿವರ ಬದಲಾದರೂ ತತ್ವ ಬದಲಾಗದು: ರಿಯಾಯಿತಿಯು ಒಪ್ಪಂದದ ದೇಶದಲ್ಲಿ ನಿಜವಾಗಿ ನಡೆದ ತಯಾರಿಕೆಗೆ ಮಾತ್ರ ಸಲ್ಲುತ್ತದೆ. ಅದನ್ನು ತೋರಿಸಬೇಕಾದ ಹೊಣೆ ರಿಯಾಯಿತಿ ಕೋರುವವರದ್ದಾಗಿದೆ. ಈ ಲೇಖನವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇದ್ದು, ಅಧಿನಿಯಮ, ನಿಯಮಗಳು ಹಾಗೂ ಅಧಿಸೂಚನೆಗಳ ಪಠ್ಯವೇ ಅಂತಿಮವಾಗಿರುತ್ತದೆ.